ರಾಯರ ಕೊಡೆ ಮೊಲ

ಜಯನಗರ ನಾಲ್ಕನೇ ಟಿ ಬ್ಲಾಕಿನ ಅನಂತಪದ್ಮನಾಭರಾಯರು ಟಿ.ವಿ. ಪೆಟ್ಟಿಗೆಯ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು ಎಂದರೆ ಅವರು ಎಂಥ ಮನುಷ್ಯ ಎಂದು ಬೇರೆ ಹೇಳಬೇಕಾಗಿಲ್ಲ. ಮೂವತ್ತನಾಲ್ಕು ವರ್ಷ ಆಡಿಟ್ ಆಫೀಸಿನಲ್ಲಿ ಬೇರೆಯವರ ತಪ್ಪು ಹುಡುಕಿ ನಿವೃತ್ತರಾದವರು. ಆಮೇಲೆ ಹೆಂಡತಿ ಚೂಡಾಮಣಿಯವರ ಸಾರಿನಲ್ಲಿ ಹುಡುಕುತ್ತಿದ್ದರು.

ಎಂಬತ್ತೈದರ ಬೇಸಿಗೆಯಲ್ಲಿ ಕುವೈತಿನಿಂದ ಬಂದ ಮಗಳು ಪಂಕಜಾ, ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಒಂದನ್ನು ತವರಲ್ಲೇ ಬಿಟ್ಟು ಹೋದಳು. ಯಾವುದೋ ಕಾರ್ಟೂನಿನ ಕೊಡೆ ಹಿಡಿದ ಮೊಲ ಅದರಲ್ಲಿ ಓಡುತ್ತಿತ್ತು. ಬೇಲಿ ಹಾರಬೇಕು, ಏಣಿ ಹತ್ತಬೇಕು, ಹಲಗೆಯಿಂದ ಹಲಗೆಗೆ ನೆಗೆದು ನದಿ ದಾಟಬೇಕು. ಆಚೆ ಕೋಟೆಯಲ್ಲಿ ಅದರ ಗೆಳತಿ ಸೆರೆಯಲ್ಲಿದ್ದಾಳೆ.

"ಕಣ್ಣು ಹಾಳು, ಪಿಕ್ಚರ್ ಟ್ಯೂಬ್ ಹಾಳು, ಮಕ್ಕಳ ಬುದ್ಧಿಯಂತೂ ಪೂರ್ತಿ ಹಾಳು ಕಣ್ರೀ" ಎಂದು ರಾಯರು ಪಾರ್ಕಿನ ಬೆಂಚಿನ ಮೇಲೆ ಕೂತು ಬೈದರು. ಕೇಳಿದವರು ತಲೆಯಾಡಿಸಿದರು. ರಾಯರ ಮಾತೆಂದರೆ ಆ ಬೀದಿಯಲ್ಲಿ ಅಷ್ಟು ತೂಕ.

ಹಾಗೆ ಬೈದ ಮರುದಿನವೇ, ಚೂಡಾಮಣಿ ಭಜನೆಗೆ ಹೋದ ಹೊತ್ತಿನಲ್ಲಿ, ಏನಿದೆ ನೋಡೋಣವೆಂದು ಕೂತವರು ಸಿಕ್ಕಿಬಿದ್ದರು. ಆಮೇಲೆ ದಿನಾ ಮಧ್ಯಾಹ್ನ ಹೆಂಡತಿ ಭಜನೆಗೆ ಹೊರಟೊಡನೆ ಬಾಗಿಲಿಗೆ ಚಿಲಕ, ಕಿಟಕಿಗೆ ಪರದೆ. ಮೊಲ ಹಾರಿದರೆ ರಾಯರೂ ಕುರ್ಚಿಯಿಂದ ಒಂದಂಗುಲ ಏಳುತ್ತಿದ್ದರು. ಅದು ನೀರಿಗೆ ಬಿದ್ದರೆ "ಅಯ್ಯೋ" ಎನ್ನುತ್ತಿದ್ದರು, ಪಕ್ಕದ ಮನೆಗೆ ಕೇಳಿಸದಷ್ಟು ಮೆಲ್ಲಗೆ. ಮೂರು ತಿಂಗಳಾದರೂ ನದಿ ದಾಟಲಾಗಿರಲಿಲ್ಲ. ಖುಷಿ ಬೇಕಾದಷ್ಟಿತ್ತು, ನಾಚಿಕೆ ಅದಕ್ಕಿಂತ ಹೆಚ್ಚಿತ್ತು.

ಆ ಪಕ್ಕದ ಮನೆಯ ನೀಲಗಂಗಮ್ಮ ವಚನ ಹಾಡುವವರು. ಒಂದು ಶುಕ್ರವಾರ ಸಂಜೆ ಏಳಕ್ಕೆ ಟಿ.ವಿ.ಯಲ್ಲಿ ಅವರ ಹಾಡು, ಹತ್ತೇ ನಿಮಿಷ. ಮತ್ತೆ ಹಾಕುವುದಿಲ್ಲವೆಂದು ಸ್ಟೇಷನ್ನಿನವರು ಮೊದಲೇ ಹೇಳಿದ್ದರು. ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ. "ನಮ್ಮನೇಗೇ ಬನ್ನಿ, ಎಲ್ಲರನ್ನೂ ಕರ್ಕೊಂಡು ಬನ್ನಿ" ಎಂದು ರಾಯರೇ ಕರೆದಿದ್ದರು.

ಏಳಕ್ಕೆ ಐದು ನಿಮಿಷವಿರುವಾಗ, ಹದಿನಾಲ್ಕು ಜನ ಚಾಪೆಯ ಮೇಲೆ ಕೂತಿರುವಾಗ, ರಾಯರು ಬೀಗ ತೆಗೆದು ಟಿ.ವಿ. ಹಾಕಿದರು. ಪರದೆಯ ತುಂಬ ಅಕ್ಕಿ ಚೆಲ್ಲಿದಂತೆ ಚುಕ್ಕಿ, ಸುಯ್ಯೆಂಬ ಸದ್ದು.

ನೀಲಗಂಗಮ್ಮನ ಗಂಡ ಗೌರೀಶಂಕರ ಆಂಟೆನಾ ತಿರುಗಿಸಲು ತಾರಸಿಗೆ ಓಡಿದರು.

"ಬಂತಾ?"

"ಇಲ್ಲಾ!"

"ಈಗ?"

"ಇಲ್ಲಾ ರೀ!"

ಗಡಿಯಾರ ಏಳು ತೋರಿಸುತ್ತಿತ್ತು. ರೇಷ್ಮೆ ಸೀರೆಯುಟ್ಟ ನೀಲಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಹೋಗ್ಲಿ ಬಿಡಿ ಸಾರ್, ನಾನು ಪಡ್ಕೊಂಡು ಬಂದಿಲ್ಲ" ಎಂದರು.

ರಾಯರಿಗೆ ಆಗ ಹೊಳೆಯಿತು. ಮಧ್ಯಾಹ್ನ ಮೊಲ ಹಲಗೆಯ ಮೇಲಿದ್ದಾಗ ಕರೆಂಟ್ ಹೋಗಿತ್ತು. ಗೇಮನ್ನು ಎತ್ತಿಟ್ಟು ಬೀಗ ಹಾಕಿದ್ದರು, ಆದರೆ ಟಿ.ವಿ.ಯ ಹಿಂದೆ, ಆಂಟೆನಾ ಬೇಕೋ ಗೇಮ್ ಬೇಕೋ ಆರಿಸುವ ಪುಟ್ಟ ಡಬ್ಬಿಯ ಗುಂಡಿ ಗೇಮಿನ ಕಡೆಗೇ ಉಳಿದಿತ್ತು. ಅದನ್ನು ಈಚೆ ಸರಿಸಿದರೆ ಚಿತ್ರ ಬರುತ್ತದೆ. ಸರಿಸಿದರೆ ಗುಟ್ಟೂ ಹೊರಬೀಳುತ್ತದೆ. ಇಷ್ಟು ವರ್ಷದ ಮರ್ಯಾದೆ! ಒಂದು ಗಳಿಗೆ ನಿಂತರು, ನಾಚಿಕೆಗೇಡಿನ ಒಂದು ಗಳಿಗೆ. ನೀಲಗಂಗಮ್ಮ ಏಳಲು ಚಾಪೆಗೆ ಕೈಯೂರಿದರು. ರಾಯರು ಟಿ.ವಿ.ಯ ಹಿಂದೆ ಕೈ ಹಾಕಿ ಗುಂಡಿ ಸರಿಸಿಬಿಟ್ಟರು.

ಪರದೆಯ ಮೇಲೆ ಅದೇ ರೇಷ್ಮೆ ಸೀರೆಯ ನೀಲಗಂಗಮ್ಮ ತಂಬೂರಿ ಹಿಡಿದು ಕೂತಿದ್ದರು, ಇನ್ನೂ ಬಾಯಿ ತೆರೆದಿರಲಿಲ್ಲ.

"ಬಂತು! ಇಳಿದು ಬನ್ರೀ!" ಎಂದು ಎಲ್ಲರೂ ಕೂಗಿದರು. ಗೌರೀಶಂಕರ ಓಡಿ ಬಂದು ಬಾಗಿಲಲ್ಲೇ ನಿಂತು ಹಾಡು ಮುಗಿಯುವವರೆಗೆ ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಚೂಡಾಮಣಿ ಕೇಳಿದರು. "ಅಲ್ಲಾ, ಆ ಗುಂಡಿ ಆ ಕಡೆ ಹೆಂಗೆ ಹೋಯ್ತು?"

"ನಾನೇ. ದಿನಾ ಮಧ್ಯಾಹ್ನ ಆಡ್ತೀನಿ" ಎಂದರು ರಾಯರು. "ಮೂರು ತಿಂಗಳಾಯ್ತು. ಆ ಹಾಳು ನದಿ ದಾಟಕ್ಕೆ ಆಗ್ತಿಲ್ಲ." ಹೇಳಿದ್ದೇ ತಡ, ಎದೆ ಹಗುರವಾಯಿತು. ಇಷ್ಟಕ್ಕೆ ಇಷ್ಟು ದಿನ ಹೆದರಿದೆನೇ ಎನಿಸಿತು.

ಯಾರೂ ನಗುವ ಮೊದಲೇ ನೀಲಗಂಗಮ್ಮ ಮತ್ತೆ ಚಾಪೆಯ ಮೇಲೆ ಕೂತರು. "ಎಲ್ಲಿ, ತೋರಿಸಿ ಸಾರ್ ಆ ನದೀನ."

ರಾಯರು ಗೇಮ್ ತಂದು ಸಿಕ್ಕಿಸಿದರು. ಮೊಲ ಬೇಲಿ ಹಾರಿತು, ಏಣಿ ಹತ್ತಿತು, ಎರಡು ಹಲಗೆ ದಾಟಿ ಮೂರನೆಯದಕ್ಕೆ ನೆಗೆದು ಎಂದಿನಂತೆ ನೀರಿಗೆ ಬಿತ್ತು.

"ಅಯ್ಯೋ!" ಎಂದರು ಹದಿನಾಲ್ಕು ಜನ, ಬೀದಿಗೆಲ್ಲ ಕೇಳಿಸುವಂತೆ. ಮೂರು ತಿಂಗಳು ಒಬ್ಬರೇ ಮೆಲ್ಲಗೆ ಹೇಳಿಕೊಂಡಿದ್ದ ಮಾತನ್ನು ರಾಯರೂ ಅವರ ಜೊತೆ ಗಂಟಲೆತ್ತಿ ಹೇಳಿದರು.