ಗಾದಿಲಿಂಗನ ನಾಲಿಗೆ ಮತ್ತು ಎಂಟುನೂರು ಎಲೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ತಾಲೂಕಿನಲ್ಲಿ ಮದುವೆ ಊಟ ಉಂಡವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ಅಡುಗೆ ಗಾದಿಲಿಂಗ ಎಡಗಣ್ಣು ಮುಚ್ಚಿದನೆಂದರೆ ಲೋಕ ಉಸಿರು ಬಿಗಿಹಿಡಿಯುತ್ತದೆ. ಸಾರಿನ ಕೊಪ್ಪರಿಗೆಯಿಂದ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು, ನಾಲಿಗೆಯ ತುದಿಗೆ ಮುಟ್ಟಿಸಿ, ಅವನು ಆ ಕಣ್ಣನ್ನು ಮುಚ್ಚುತ್ತಾನೆ. ಆಗ ಎಡದಂಡೆ ಕಾಲುವೆಯ ನೀರು ಹರಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತದೆ ಎಂದು ಹೇಳುವವರಿದ್ದಾರೆ. ಒಂದು ಮದುವೆಯಲ್ಲಿ ಅಕ್ಷತೆ ಹಿಡಿದ ಜನ ಮದುಮಕ್ಕಳ ಕಡೆ ಬೆನ್ನು ಹಾಕಿ ಅಡುಗೆ ಪೆಂಡಾಲಿನ ಕಡೆ ನೋಡುತ್ತ ನಿಂತಿದ್ದರು ಎಂದು ಪ್ರಮಾಣ ಮಾಡುವವರೂ ಇದ್ದಾರೆ. ಕಣ್ಣು ತೆರೆದು "ಇನ್ನರ್ಧ ಹಿಡಿ" ಎಂದರೆ ಅರ್ಧ ಹಿಡಿ ಉಪ್ಪು ಬೀಳಬೇಕು, "ಸಾಕು" ಎಂದರೆ ಸಾಕು. ಇಪ್ಪತ್ತಾರು ವರ್ಷಗಳಲ್ಲಿ ಆ ತೀರ್ಪಿನ ಮೇಲೆ ಯಾರೂ ಅಪೀಲು ಹೋಗಿರಲಿಲ್ಲ.

ಇಂಥ ನಾಲಿಗೆಗೆ ಕಪ್ಪಕಾಣಿಕೆ ಸಲ್ಲಬೇಡವೇ? ಮಜ್ಜಿಗೆಗೆ ಉಪ್ಪು, ಪೇರಲಹಣ್ಣಿಗೆ ಉಪ್ಪು, ಮೊದಲೇ ಉಪ್ಪಾಗಿದ್ದ ಉಪ್ಪಿನಕಾಯಿಯ ಮೇಲೂ ಒಂದು ಚಿಟಿಕೆ. ಬಲಗೆನ್ನೆಯಲ್ಲಿ ತಂಬಾಕು-ಸುಣ್ಣದ ಉಂಡೆ ಖಾಯಂ ಬಾಡಿಗೆಗೆ ಕೂತಿತ್ತು.

ಕಳೆದ ವರ್ಷ ಮಸ್ಕಿಯ ಒಂದು ಮದುವೆಯಲ್ಲಿ ಅನ್ನದ ಕೊಪ್ಪರಿಗೆ ಇಳಿಸುತ್ತಿದ್ದಾಗ ಅವನ ಎದೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟಂತಾಯಿತು. "ಗ್ಯಾಸು" ಎಂದು ತೀರ್ಮಾನಿಸಿ ಒಂದು ಸೋಡಾ ಕುಡಿದ. ಗುಂಡು ಇಳಿಯಲಿಲ್ಲ. ಪೆಂಡಾಲಿನ ಸಮಸ್ತ ಪಂಡಿತರೂ ಸಭೆ ಸೇರಿ ಗ್ಯಾಸೇ ಹೌದೆಂದು ಸರ್ವಾನುಮತದಿಂದ ಠರಾವು ಮಾಡಿದರು. ಎರಡನೇ ಸೋಡಾ ಬಂತು. ಅಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದು, ನೋವು ಎಡಗೈಗೂ ಇಳಿದಿತ್ತು. ತರಕಾರಿ ಹೆಚ್ಚುತ್ತಿದ್ದ ಹೆಂಡತಿ ಶಿವಗಂಗಾ ಈಳಿಗೆ ಬಿಟ್ಟು ಎದ್ದಳು.

"ಮೂರನೇ ಸೋಡಾ ನಾ ಕುಡೀತೀನಿ. ನೀ ಗಾಡಿ ಹತ್ತು."

ಲಿಂಗಸುಗೂರಿನಲ್ಲಿ ಇ.ಸಿ.ಜಿ. ತೆಗೆದರು. ಅಲ್ಲಿಂದ ರಾಯಚೂರಿಗೆ ಸಾಗಿಸಿ, ಕಟ್ಟಿಕೊಂಡಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ತಿಂಗಳ ಮೇಲೆ ಲಿಂಗಸುಗೂರಿನ ಡಾಕ್ಟರ ಮುಂದೆ ಗಾದಿಲಿಂಗ ಕೈಕಟ್ಟಿ ಕೂತ.

"ಇದು ನಿನ್ನೊಬ್ಬಂದಲ್ಲಪ್ಪ. ಜಗತ್ತಿನಾಗ ಸಾಯೋ ಮೂವರೊಳಗ ಒಬ್ರು ಹೆಚ್ಚುಕಡಿಮಿ ಹಿಂಗ ಎದಿ, ರಕ್ತನಾಳದ ರೋಗದಿಂದನ ಹೋಗ್ತಾರ. ವರ್ಷಕ್ಕ ಎರಡು ಕೋಟಿ ಹತ್ರ," ಎಂದರು ಡಾಕ್ಟರು.

ಗಾದಿಲಿಂಗ ಲೆಕ್ಕವನ್ನೆಲ್ಲ ಎಲೆಯಲ್ಲಿ ಹಾಕುವವನು. ಅವನ ಜೀವಮಾನದ ಅತಿ ದೊಡ್ಡ ಅಡುಗೆ ಮೂರು ಸಾವಿರ ಎಲೆಯದು. ಎರಡು ಕೋಟಿ ಎಲೆ ಹಾಸಿದರೆ ಪಂಕ್ತಿ ಎಲ್ಲಿಗೆ ಮುಟ್ಟೀತು ಎಂದು ಯೋಚಿಸಿ ಅವನಿಗೆ ಮತ್ತೆ ಬೆವರು ಬಂತು.

"ತಂಬಾಕು, ಸಕ್ಕರಿ ಕಾಯಿಲಿ, ಕರಿದದ್ದು ತಿನ್ನೋದು, ಎಲ್ಲಾ ಸೇರಿರ್ತೈತಿ. ಆದ್ರ ಎಲ್ಲಾದ್ಕೂ ಮುಂದ ನಿಲ್ಲೋದು ಬಿ.ಪಿ. ನಿಂದು ಮೊದಲ ಎಷ್ಟಿತ್ತು?"

"ಎಂದೂ ನೋಡ್ಸಿಲ್ರಿ."

"ಅದಕ್ಕ ಇಲ್ಲಿ ಕುಂತೀದಿ. ಗುಳಿಗಿ ದಿನಾ ತಗೋಬೇಕು. ಆರಾಮ ಅನಿಸ್ತು ಅಂತ ನಿಲ್ಲಿಸಬ್ಯಾಡ. ತಂಬಾಕು ಬಂದ್. ದಿನಾ ನಡಿ. ಉಪ್ಪು ಎಲ್ಲಾ ಕೂಡಿ ದಿನಕ್ಕ ಐದು ಗ್ರಾಂ, ಒಂದು ಸಣ್ಣ ಚಮಚ."

ಆ ಚಮಚದ ಆಡಳಿತವನ್ನು ಶಿವಗಂಗಾ ವಹಿಸಿಕೊಂಡಳು. ಉಪ್ಪಿನ ಡಬ್ಬಿ ಟ್ರಂಕಿನೊಳಗೆ ಸೇರಿತು, ಟ್ರಂಕಿನ ಕೀಲಿ ಅವಳ ಸೊಂಟಕ್ಕೆ.

"ಇದು ಪಲ್ಯ ಏನು, ದನಕ್ಕ ಹಾಕೋ ಹೊಟ್ಟೇನು?" ಎಂದು ಗಾದಿಲಿಂಗ ಮೊದಲ ದಿನವೇ ಗುಡುಗಿದ.

"ದನಕ್ಕ ಹಾರ್ಟ್ ಅಟ್ಯಾಕ್ ಆಗಿದ್ದು ನೋಡೀಯೇನು? ತಿನ್ನು."

ತಿಂದ. ಹಟಕ್ಕೆ ಬಿದ್ದವನಂತೆ ತಿಂದ. ತಂಬಾಕಿನ ಬಾಡಿಗೆದಾರನನ್ನೂ ಹೊರಹಾಕಿದ. ಮೊದಲ ಹದಿನೈದು ದಿನ ಕಂಡಕಂಡವರಿಗೆಲ್ಲ ಬೈದು ಆ ಕೆನ್ನೆಗೆ ಕೆಲಸ ಕೊಟ್ಟ. ಆರು ತಿಂಗಳಾಗುವ ಹೊತ್ತಿಗೆ ಸಪ್ಪೆ ಊಟ ಸಪ್ಪೆ ಅನಿಸುವುದೇ ನಿಂತಿತು. ಬಿ.ಪಿ. ಹದಕ್ಕೆ ಬಂತು.

ಆಮೇಲೆ ಮೊದಲ ಸಲ ಮಸ್ಕಿಯಲ್ಲಿ ನಿಂಗರಾಜ ಮಾಸ್ತರರ ಗೃಹಪ್ರವೇಶಕ್ಕೆ ಅಡುಗೆಗೆ ಹೋದ. ನೂರೈವತ್ತು ಎಲೆ. ಅಂಗೈಗೆ ತೊಟ್ಟು ಬಿತ್ತು, ಎಡಗಣ್ಣು ಮುಚ್ಚಿತು, ತೆರೆಯಿತು. "ಸಾಕು." ಪಂಕ್ತಿ ಕೂತಿತು. ಮೊದಲ ತುತ್ತಿಗೇ ಜನ ಮುಖಮುಖ ನೋಡಿಕೊಂಡರು. ಎಲೆ ತುದಿಗೆ ಬಡಿಸಿದ ಉಪ್ಪು ಕ್ಷಣದಲ್ಲಿ ಖಾಲಿಯಾಯಿತು. "ಏನೋ ಗಾದಿಲಿಂಗ, ಆಸ್ಪತ್ರಿ ಊಟ ಹಾಕೀಯಲ್ಲೋ!" ಎಂದು ಒಬ್ಬ ಕೂಗಿದ್ದಕ್ಕೆ ಇಡೀ ಮನೆ ನಕ್ಕಿತು.

ಗಾದಿಲಿಂಗನಿಗೆ ಆಗ ಹೊಳೆಯಿತು. ಹೃದಯ ರಿಪೇರಿಯಾಗುವ ಗದ್ದಲದಲ್ಲಿ ನಾಲಿಗೆ ಪಕ್ಷಾಂತರ ಮಾಡಿತ್ತು. ಅದಕ್ಕೀಗ ಅರ್ಧ ಉಪ್ಪೇ ಪೂರ್ತಿ ಉಪ್ಪು.

ಸುದ್ದಿ ಗಾಡಿಗಿಂತ ಜೋರಾಗಿ ಓಡಿ ಗೊರೇಬಾಳ ಮುಟ್ಟಿತು. ಅಲ್ಲಿನ ನರಸಣ್ಣನ ಮಗಳು ಅಂಬಿಕಾಳ ನಿಶ್ಚಯಕ್ಕೆ ಹತ್ತು ದಿನ ಉಳಿದಿತ್ತು. ಎಂಟುನೂರು ಎಲೆ. ನರಸಣ್ಣ ಫೋನಿನಲ್ಲಿ ನೇರವಾಗಿ ಹೇಳಿದ: "ಗಾದಿಲಿಂಗ, ಬೀಗರ ಮುಂದ ನನ್ನ ಮಾನ ತೆಗೀಬ್ಯಾಡ. ಮಸ್ಕ್ಯಾಗ ಆದಂಗ ಇಲ್ಲಿ ಆತಂದ್ರ ನಮ್ಮ ಪೈಕಿ ಯಾರೂ ನಿನ್ನ ಕರೆಯೋದಿಲ್ಲ, ನೋಡು."

ನಾಲಿಗೆಯೇ ಇಲ್ಲದ ಅಡುಗೆಯವನನ್ನು ಬೇರೆಯವರಾದರೂ ಯಾಕೆ ಕರೆದಾರು? ಆ ಸಂಜೆ ಗೆಳೆಯ ಮಕ್ತುಮ್‌ಸಾಬ್ ಮನೆಗೆ ಬಂದ. ಬಿರಿಯಾನಿಯಲ್ಲಿ ಅವನದೂ ದೊಡ್ಡ ಹೆಸರು.

"ಅರೇ ಭೈ, ಇಷ್ಟಕ್ಕ ಯಾಕ ಕುಂತೀದಿ? ಎಂಟು ದಿನ ಉಪ್ಪಿನಕಾಯಿ, ಹಪ್ಪಳ, ಉಪ್ಪುಮೆಣಸಿನಕಾಯಿ ಬಡಿ. ನಾಲಿಗಿ ವಾಪಸ್ ಬರ್ತೈತಿ. ನಿಶ್ಚಯ ಮುಗೀಲಿ, ಮತ್ತ ಬಿಡು."

"ಮುಂದಿನ ತಿಂಗಳು ಇನ್ನೊಂದು ಮದುವಿ ಬರ್ತೈತಿ. ಆಗ?"

"ಆಗ ಮತ್ತ ಬಡಿ."

ಉಪಾಯ ರುಚಿಯಾಗಿತ್ತು. ಮಕ್ತುಮ್‌ಸಾಬ್ ಕೈಯಲ್ಲೇ ಒಂದು ಡಬ್ಬಿ ಮಾವಿನ ಉಪ್ಪಿನಕಾಯಿ ತಂದಿದ್ದ. ಗಾದಿಲಿಂಗ ಮುಚ್ಚಳ ತೆಗೆದ. ವಾಸನೆಗೆ ಬಾಯಲ್ಲಿ ನೀರೂರಿತು. ಒಳಗೆ ಶಿವಗಂಗಾ ರೊಟ್ಟಿ ಬಡಿಯುವ ಸದ್ದು ನಿಂತಿತು. ಗಾದಿಲಿಂಗ ಡಬ್ಬಿಗೆ ಮುಚ್ಚಳ ಹಾಕಿ, ಗೆಳೆಯನ ಕೈಗೇ ವಾಪಸು ಕೊಟ್ಟ.

"ಬ್ಯಾಡಪ್ಪ. ನಾಲಿಗಿ ತರಾಕ ಹೋಗಿ ಎದಿ ಕಳಕೊಳ್ಳಂಗಿಲ್ಲ. ಬ್ಯಾರೆ ಏನರ ಮಾಡೋಣು."

"ಹಂಗಾರ ನಾ ಬಂದು ರುಚಿ ನೋಡ್ತೀನಿ."

"ನಿನ್ನ ನಾಲಿಗೀನ ಗುಟ್ಕಾ ತಿಂದು ಹತ್ತು ವರ್ಷ ಆತು. ನನ್ನ ಕೆಲಸದವರದೂ ಅಷ್ಟ. ಇದ್ದದ್ದೊಂದು ಶಿವಗಂಗಾಂದು, ಅಕಿನೂ ನನ್ನ ಸಂಗಾಟ ಸಪ್ಪಗ ಉಣ್ಣಾಕತ್ಯಾಳ."

ಬೆಳಿಗ್ಗೆ ಅವನು ಪರಿಚಯದ ಕಿರಾಣಿ ಅಂಗಡಿಯಿಂದ ತಕ್ಕಡಿ ಎರವಲು ತಂದ. ನಾಲಿಗೆ ಮರೆತರೂ ಕೈ ಮರೆತಿರಲಿಲ್ಲ. ಹತ್ತು ಕಿಲೋ ಬೇಳೆಗೆ ಎಷ್ಟು ಎಂದು ಶಿವಗಂಗಾ ಕೇಳಿದರೆ ಕೈ ತಾನಾಗಿ ಉಪ್ಪಿನ ಚೀಲಕ್ಕೆ ಹೋಗಿ ಹಿಡಿ ಎತ್ತುತ್ತಿತ್ತು. ಅವಳು ತೂಗುತ್ತಿದ್ದಳು. ಬದನೆಕಾಯಿ ಎಣಗಾಯಿಗೆ? ತೂಗು. ಪುಂಡಿಪಲ್ಯಕ್ಕೆ? ತೂಗು. ಮೂರು ದಿನ ಇಪ್ಪತ್ತಾರು ವರ್ಷದ ವಿದ್ಯೆಯೆಲ್ಲ ಹಿಡಿಹಿಡಿಯಾಗಿ ತಕ್ಕಡಿ ಹತ್ತಿ ಇಳಿಯಿತು. ಕೊನೆಗೆ ಭಾಗಿಸಿ ನೋಡಿದರೆ ಒಂದು ಎಲೆಗೆ, ಒಂದೇ ಹೊತ್ತಿಗೆ, ಎಂಟು ಗ್ರಾಂ!

ಡಾಕ್ಟರು ಇಡೀ ದಿನಕ್ಕೆ ಕೊಟ್ಟದ್ದು ಐದು. ಗಾದಿಲಿಂಗ ಇನ್ನೊಂದು ಹಿಡಿ ತೂಗಿ ನೋಡಿದ, ಅಷ್ಟೇ ಬಂತು.

"ಮೂರು ತಾಲೂಕಿಗೆ ಇದನ್ನ ತಿನಿಸೀನೇನು ನಾ?"

"ಅರ್ಧ ಮಾಡಿಬಿಡು," ಎಂದಳು ಶಿವಗಂಗಾ.

"ಅರ್ಧ ಮಾಡಿದ್ರ ಮತ್ತ ಮಸ್ಕಿ ಕತೀನ. ಕಾಲು ಭಾಗ ತೆಗಿಯೋಣು."

ತೆಗೆದ ಕಾಲು ಭಾಗದ ಗುಂಡಿ ಮುಚ್ಚಲು ಸಾರಿಗೆ ಹುಣಸೆ, ಬೆಳ್ಳುಳ್ಳಿ, ಜೀರಿಗೆ ಹೆಚ್ಚಿಸಿದ. ಪುಂಡಿಪಲ್ಯಕ್ಕೆ ತನ್ನದೇ ಹುಳಿ ಇತ್ತು. ಹಪ್ಪಳವನ್ನು ಪಟ್ಟಿಯಿಂದ ಹೊಡೆದುಹಾಕಿದ.

ನಿಶ್ಚಯದ ಬೆಳಿಗ್ಗೆ ಗೊರೇಬಾಳದ ಪೆಂಡಾಲಿಗೆ ಸೇನಾಪತಿ ಗಾದಿಲಿಂಗ ಬಂದಿಳಿದಾಗ ಕೈಯಲ್ಲಿ ಸೌಟಿನ ಬದಲು ತಕ್ಕಡಿ ಇತ್ತು. ಕೆಲಸದವರು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. ನರಸಣ್ಣ ನಗಲಿಲ್ಲ.

"ಇದೇನಲೇ, ಅಡಗಿ ಮಾಡಾಕ ಬಂದೀಯೋ, ಭತ್ತ ತೂಗಾಕ ಬಂದೀಯೋ? ಕಣ್ಣು ಮುಚ್ಚಿ ನೋಡು, ಮೊದಲಿನಂಗ!"

"ನನ್ನ ನಾಲಿಗಿ ಈಗ ಸುಳ್ಳು ಹೇಳ್ತೈತಿ ನರಸಣ್ಣ. ತಕ್ಕಡಿ ಹೇಳೋದಿಲ್ಲ."

"ಕಡಿಮಿ ಬಿದ್ರ?"

"ಬಿದ್ರ ಈ ಪೆಂಡಾಲ್‌ನ್ಯಾಗ ಎಲ್ಲಾರ ಮುಂದ ನಾನ ಒಪ್ಪಿಕೊಂತೀನಿ. ಆಮ್ಯಾಲ ಸೌಟು ಹಿಡಿಯೋದಿಲ್ಲ."

ಉಪ್ಪು ಗ್ರಾಮಿನ ಲೆಕ್ಕದಲ್ಲಿ ಕೊಪ್ಪರಿಗೆಗೆ ಬಿತ್ತು. ಕಾಲುವೆ ಎಂದಿನಂತೆ ಹರಿಯಿತು. ಮೊದಲ ಪಂಕ್ತಿಗೆ ಇನ್ನೂರು ಎಲೆ ಬಿದ್ದವು. ಗಾದಿಲಿಂಗ ಕಂಬಕ್ಕೆ ಆತು ನಿಂತು ಉಣ್ಣುವವರ ಕೈಗಳನ್ನೇ ಕಾಯತೊಡಗಿದ. ಊಟಗಾರನ ಬಾಯಿ ಮರ್ಯಾದೆಗೆ ಸುಮ್ಮನಿದ್ದೀತು. ಎಲೆ ತುದಿಯ ಉಪ್ಪಿಗೆ ಹೋಗುವ ಕೈ ಸುಮ್ಮನಿರುವುದಿಲ್ಲ. ಮೂಲೆಯಲ್ಲಿ ಒಂದು ಕೈ ಹೋಯಿತು. ಇನ್ನೊಂದು ಹೋಯಿತು. ಒಬ್ಬ ಮುದುಕ ಉಪ್ಪಿನವನನ್ನೇ ಕೂಗಿ ಕರೆದ. ನರಸಣ್ಣ ಆ ಕಡೆಯಿಂದ ಕಣ್ಣು ಕೆಕ್ಕರಿಸಿದ.

ಅಷ್ಟೇ. ನಾಲ್ಕನೇ ಕೈ ಏಳಲಿಲ್ಲ. ಸಾರು ಎರಡನೇ ಸಲ ಕೇಳಿದರು, ಪುಂಡಿಪಲ್ಯ ಮೂರನೇ ಸಲ. ಕೊನೆಯ ಪಂಕ್ತಿ ಎದ್ದಾಗ ಬೀಗರು ಹೊಟ್ಟೆ ಸವರಿಕೊಳ್ಳುತ್ತಿದ್ದರು. ನರಸಣ್ಣ ತಾನೇ ತಕ್ಕಡಿಯ ಮುಂದೆ ನಿಂತು, ಗಾದಿಲಿಂಗನಿಂದ ಕೇಳಿದ್ದ ಡಾಕ್ಟರ ಮಾತನ್ನೂ ಸೇರಿಸಿ, ಎಲ್ಲರಿಗೂ ಅದರ ಮಹಿಮೆ ವಿವರಿಸುತ್ತಿದ್ದ.

ಆ ಮಹಿಮೆ ಬಾಯಿಂದ ಬಾಯಿಗೆ ಬೆಳೆಯುತ್ತ ಪೆಂಡಾಲಿನ ಆ ತುದಿ ಮುಟ್ಟುವಷ್ಟರಲ್ಲಿ ಗಾದಿಲಿಂಗ ಜಗತ್ತಿನ ಎರಡು ಕೋಟಿ ಹೃದಯಗಳಿಗಾಗಿ ಉಪ್ಪು ತೊರೆದ ಮಹಾತ್ಮನಾಗಿದ್ದ. ಮುದಗಲ್‌ನಿಂದ ಬಂದಿದ್ದ ಬೀಗರ ಪೈಕಿ ಹಿರಿಯರೊಬ್ಬರು ಹುಡುಕಿಕೊಂಡು ಬಂದು ಅವನೆದುರು ಕೈಮುಗಿದರು.

"ಮಂದಿ ಉಳೀಲಿ ಅಂತ ನಾಲಿಗೀನ ತ್ಯಾಗ ಮಾಡೀರಂತ, ಏನು ಮನಸ್ಸಪ್ಪ ನಿಮ್ಮದು! ನಮ್ಮ ಮನಿ ಮದುವೀಗೂ ನೀವ ಬರಬೇಕ್ರಿ."

ಗಾದಿಲಿಂಗ ಟವೆಲಿನಿಂದ ಮುಖ ಒರೆಸಿಕೊಂಡ.

"ತ್ಯಾಗ ಏನಿಲ್ರಿ ಯಜಮಾನ್ರ. ಡಾಕ್ಟರ್ ಬ್ಯಾಡಂದ್ರು, ಬಿಟ್ಟೆ. ಎಷ್ಟು ಮಂದಿ ಊಟಕ್ಕ, ಅದನ್ನ ಹೇಳ್ರಿ."