ಸಾವಿರ ಓಮ್ ಹಿಡಿದರೆ

ಬಲ್ಬು ಅರವತ್ತು ವ್ಯಾಟಿನದೇ ಇರಬೇಕು, ಯಾಕೆಂದರೆ ನಲವತ್ತರದ್ದಾಗಿದ್ದರೆ ಚಿಗವ್ವ ಆ ಮಾತು ಆಡುವುದು ಸಾಧ್ಯವೇ ಇರಲಿಲ್ಲ. ಅಥವಾ ಆಕೆ ಆಡಲೇ ಇಲ್ಲವೇನೋ. ನಾನೇ ಆಮೇಲೆ ಲೆಕ್ಕ ಮಾಡಿ ಆಕೆಯ ಬಾಯಿಗೆ ಹಾಕಿರಬಹುದು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಈ ನೆನಪಿನ ಅಂಚೆಲ್ಲ ಸವೆದು ನಯವಾಗಿದೆ. ನಯವಾದ ನೆನಪನ್ನು ನಾನು ನಂಬುವುದಿಲ್ಲ.

ಎರಡು ಸಾವಿರದ ನಾಲ್ಕೋ ಐದೋ, ಮಳೆಗಾಲ. ಊರು ಬಿಟ್ಟು ದುಡಿಯಲು ಬಂದ ಬಂದರೂರಿನಲ್ಲಿ, ಸಡಾದ ಗುಡ್ಡದ ಮೇಲೆ ತಗಡಿನ ಒಂದು ಕೋಣೆಯಲ್ಲಿ ನಾವು ನಾಲ್ವರು: ಅಜ್ಜಿ, ಆಕೆಯ ಕಿರಿಯ ಮಗ ಕಾಕಾ, ಆತನ ಹೆಂಡತಿ ಚಿಗವ್ವ, ಐಟಿಐಯಲ್ಲಿ ಎಲೆಕ್ಟ್ರಿಶಿಯನ್ ಕಲಿಯುತ್ತಿದ್ದ ನಾನು. ಕಾಕಾ ಬಂದರಿನ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ವೈಬ್ರೇಟರ್ ಹಿಡಿಯುತ್ತಿದ್ದ. ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟಿನೊಳಗೆ ಇಳಿಬಿಟ್ಟು, ಅಲುಗಿಸಿ, ಗಟ್ಟಿ ಕೂರಿಸುವ ಯಂತ್ರ ಅದು. ಒಂದು ದಿನ ಊಟದ ಹೊತ್ತಿಗೆ ಮೊದಲೇ ಅದರ ಹರಿದ ವೈರಿನಿಂದ ಶಾಕ್ ಹೊಡೆದು ಸತ್ತ. ಆಸ್ಪತ್ರೆಯವರು ಬಿಳಿ ಬಟ್ಟೆ ಸುತ್ತಿ ಕೊಟ್ಟರು. ಬಿಚ್ಚದೆ ಹಾಗೇ ಒಯ್ದು ಮಣ್ಣು ಮಾಡಿದೆವು.

ಆ ಬೆಳಿಗ್ಗೆ ಆತನ ಅಂಗಿ ಒಣಗಿರಲಿಲ್ಲ. ಮಳೆಗಾಲದ ಸಡಾದಲ್ಲಿ ಯಾರ ಅಂಗಿಯೂ ಒಣಗುವುದಿಲ್ಲ. ಚಿಗವ್ವ ಅದನ್ನು ಸ್ಟೋವಿನ ಮೇಲೆ ಹಿಡಿದು, ಬೆಚ್ಚಗಾದ ಕೂಡಲೇ ಒಣಗಿತೆಂದು ಕೊಟ್ಟಿದ್ದಳು. ಸಾಲಿನ ಎಲ್ಲ ಮನೆಗಳಲ್ಲೂ ಹಾಗೇ ಮಾಡುತ್ತಿದ್ದರು. ಬಟ್ಟೆ ಬಿಸಿಯಿದ್ದರೆ ಅದರ ಹಸಿ ಕೈಗೆ ತಿಳಿಯುವುದಿಲ್ಲ. ಅಜ್ಜಿ ನೋಡಿದ್ದಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳತೊಡಗಿದಳು.

“ಹಸೀ ಅಂಗಿ ತೊಡಿಸಿ ಕಳಿಸಿದ್ಲವಾ. ಕರೆಂಟಿನ ಕೈಯಾಗ ಕೊಟ್ಟು ಕಳಿಸಿದ್ಲು.”

ಚಿಗವ್ವ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ನನ್ನನ್ನು ಕರೆದಳು.

“ನೀ ಕರೆಂಟಿನ ಕೆಲಸ ಕಲಿಯಾಕತ್ತೀ ಅಲ್ಲ? ಲೆಕ್ಕಾ ಮಾಡಿ ಹೇಳು. ಅಂಗಿ ಒಣಗಿದ್ರ ಉಳೀತಿದ್ರೇನು ಅವರು?”

ಐಟಿಐಯಲ್ಲಿ ನಾವು ಬಲ್ಬಿಗೆ ಎರಡು ಮೀಟರ್ ಜೋಡಿಸಿ ನೋಡುತ್ತಿದ್ದೆವು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಹರಿಯುವುದಕ್ಕೆ ಎಷ್ಟು ಅಡ್ಡಿ ಎಂಬುದು, ಗುಣಿಸಿದರೆ ಪವರ್. ಎರಡು ಅಂಕಿ ಗೊತ್ತಿದ್ದರೆ ಉಳಿದೆರಡು ತಾವಾಗಿ ಬರುತ್ತವೆ. ಕಾಕಾನ ವಿಷಯದಲ್ಲಿ ಗೊತ್ತಿದ್ದದ್ದು ಒಂದೇ, ಇನ್ನೂರ ಮೂವತ್ತು ವೋಲ್ಟ್. ಅದೂ ಪುಸ್ತಕದ್ದು, ಆ ಸೈಟಿನಲ್ಲಿ ಎಷ್ಟಿತ್ತೋ. ಒದ್ದೆ ಮೈಗೆ ಸಾವಿರ ಓಮ್ ಹಿಡಿಯಿರಿ ಎಂದು ಮಾಸ್ತರರು ಒಮ್ಮೆ ನಗುತ್ತ ಹೇಳಿದ್ದರು. ಆ ಸಾವಿರವನ್ನೇ ತಂದು ಕಾಕಾನಿಗೆ ಹಚ್ಚಿದೆ.

ಪರಾತದ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಬರೆದು ತೋರಿಸಿದೆನೆಂದು ನೆನಪು. ಚಂದವಾಗಿದೆ, ಅದಕ್ಕೇ ಅನುಮಾನ. ಹಿಟ್ಟಿಗೆ ಕೈಹಾಕಲು ಚಿಗವ್ವ ಬಿಡುತ್ತಿರಲಿಲ್ಲ. ಬಾಯಲ್ಲೇ ಹೇಳಿರಬೇಕು. ಇನ್ನೂರ ಮೂವತ್ತನ್ನು ಸಾವಿರದಿಂದ ಭಾಗಿಸಿದರೆ ಕಾಲು ಆಂಪಿಯರಿಗೂ ಕಡಿಮೆ. ಅದನ್ನು ಮತ್ತೆ ಇನ್ನೂರ ಮೂವತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಐವತ್ತಮೂರು ವ್ಯಾಟ್.

ಚಿಗವ್ವ ತಲೆಯೆತ್ತಿ ಬಲ್ಬು ನೋಡಿದಳು.

“ಇದಕ್ಕ ಎಷ್ಟ ಬೇಕ?”

“ಅರವತ್ತು.”

“ಅಂದ್ರ ಇದಕ್ಕಿಂತ ಕಡಿಮಿ?”

“ಹೌದು.”

“ಅಷ್ಟಕ್ಕ ಹೋದ್ರು?”

ಮೂಲೆಯಲ್ಲಿ ಮಲಗಿದ್ದ ಅಜ್ಜಿ ಎದ್ದು ಕೂತಳು. “ಏನ ನಡಸೀರೋ ಇಬ್ರೂ? ಸತ್ತವನ್ನ ತೂಗಾಕತ್ತೀರೇನು?”

“ಅಂಗಿ ಒಣಗಿದ್ರ ಅಡ್ಡಿ ಜಾಸ್ತಿ ಆಗತಿತ್ತು, ಖರೇ,” ಎಂದೆ. ಚಿಗವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಅವಸರದಿಂದ ಮುಂದುವರಿಸಿದೆ. “ಆದ್ರ ಸ್ಲ್ಯಾಬಿನ ಕೆಲಸದಾಗ ಒಣಾ ಅಂಗಿ ಒಣಾ ಉಳೀತೈತೇನು? ಬೆವರಿಗೆ ತೊಯ್ದ ಇರತೈತಿ. ಬೆವರು ನೀರಿಗಿಂತ ಜಾಸ್ತಿ ಕರೆಂಟ್ ಬಿಡತೈತಿ.”

“ಬೆವರು ಅವಂದು,” ಎಂದಳು ಅಜ್ಜಿ. “ನೀರು ಇಕಿದು.”

“ಸ್ಟೋವಿನ ಮ್ಯಾಲೆ ಹಿಡದಿದ್ದೆ ಅತ್ತಿ. ಬೆಚ್ಚಗ ಇತ್ತು.”

“ಬೆಚ್ಚಗ ಇತ್ತಂತ. ಚಹಾನೂ ಬೆಚ್ಚಗ ಇರತೈತಿ.”

ಇನ್ನೊಂದು ವಿಷಯ ನನಗೆ ಹೊಳೆದದ್ದು ಆಗಲೇ ಎಂದುಕೊಂಡಿದ್ದೇನೆ. ಕೈಯಿಂದ ಒಳಗೆ ಬಂದ ಕರೆಂಟು ಎಲ್ಲಿಂದಲೋ ಹೊರಗೆ ಹೋಗಬೇಕು. ಹಸಿ ಕಾಂಕ್ರೀಟಿನಲ್ಲಿ ಹುಗಿದಿದ್ದ ಕಾಲಿನಿಂದ ಹೋಗಿದ್ದರೆ ಅಂಗಿಗೂ ಸಾವಿಗೂ ಸಂಬಂಧವೇ ಇಲ್ಲ. ಬೆನ್ನು ಹಿಂದಿನ ಕಂಬದಿಂದ ಚಾಚಿದ್ದ ಕಬ್ಬಿಣದ ಸರಳಿಗೆ ತಾಗಿದ್ದರೆ ಅಂಗಿಯನ್ನು ದಾಟಿಯೇ ಹೋಗಿದೆ. ಇದನ್ನು ಹೇಳಿದಾಗ ಚಿಗವ್ವ ಒಲೆ ಆರಿಸಿದಳು.

“ಹಂಗಾರ ಕೇಳ್ಕೊಂಡ ಬಾ. ಅವರ ಸಂಗಾಟ ಇದ್ದಾವ ನೋಡಿರತಾನ.”

ಕಾಕಾನ ಜೊತೆ ವೈರು ಹಿಡಿಯುತ್ತಿದ್ದವನನ್ನು ಗುತ್ತಿಗೆದಾರ ಅದೇ ವಾರ ದೂರದ ಕೆಪೆ ಎಂಬ ಊರಿನ ಸೈಟಿಗೆ ಕಳಿಸಿದ್ದ. ಮುಂದಿನ ಭಾನುವಾರ ಬಸ್ಸು ಬದಲಿಸುತ್ತ ಹೋದೆ. ಅಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ, ನಮ್ಮ ಕಡೆಯವನೇ, ತಂಬಾಕು ತಿಕ್ಕುತ್ತ ಕೂತಿದ್ದ.

“ಅವನೇನು? ಮಡ್ಕಯಿ ಸೈಟಿಗೆ ಹೊಂಟೇನಿ ಅಂದ, ಮರುದಿನ ಊರಿಗೆ ಅಂದ. ದಿನಾ ಒಬ್ಬಾಂವ ಓಡ್ತಾನ ತಮ್ಮಾ, ನಾ ಯಾರ ಹಿಂದ ಓಡ್ಲಿ?”

“ಊರು ಯಾವ್ದ್ರಿ ಅವರದು?”

“ಬಾದಾಮಿ ಕಡೆ ಎಲ್ಲೋ. ಕೇಳಿದ್ದಿಲ್ಲ.”

ತಿರುಗಿ ಬಂದಾಗ ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿ ಒಳಗೆ ಹೋದಳು. ಅಜ್ಜಿ ಬಂದವರಿಗೆ ಹೇಳುವುದನ್ನು ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಚಿಗವ್ವ ತವರಿಗೆ ಹೋದವಳು ಮತ್ತೆ ಸಡಾಕ್ಕೆ ಬರಲಿಲ್ಲ.

ಕಾಕಾನ ಬೆನ್ನು ಸರಳಿಗೆ ತಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.