ಮಾಯಾ ನಾಡಿನಲ್ಲಿ ಕುದುರೆ ಇತ್ತೇ?

"ಇದಕ್ಕೆ ಸೋರ್ಸ್ ಏನು?" ಎಂದು ಕೇಳಿದೆ.

ಶರಲ್ ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿದ್ದದ್ದು ಮನೆಯ ಆಲ್ತಾರ್. ಬಾಲ ಯೇಸುವಿನ ಪ್ರತಿಮೆ, ಜಪಮಾಲೆ, ಮಿನುಗುವ ಕರೆಂಟಿನ ಮೇಣದಬತ್ತಿ, ಒಂದು ಬೈಬಲ್. ಬೈಬಲಿನ ಪಕ್ಕದಲ್ಲಿ ಹೊಂಬಣ್ಣದ ಅಂಚಿನ ಇನ್ನೊಂದು ಕಪ್ಪು ಪುಸ್ತಕ.

ಪತ್ರಿಕೆಯ ಡೆಸ್ಕಿನಲ್ಲಿ ಕೂತು ದಿನವೂ ಇದೇ ಪ್ರಶ್ನೆ ಕೇಳುವವನು ನಾನು. ಪೊಲೀಸ್ ಮೂಲ, ಆಸ್ಪತ್ರೆ ಮೂಲ, ಹೆಸರು ಹೇಳಲು ಇಚ್ಛಿಸದ ಮೂಲ, ಎಲ್ಲವನ್ನೂ ನೋಡಿದ್ದೇನೆ. ದೇವರ ಪೀಠವನ್ನೇ ಮೂಲವೆಂದು ತೋರಿಸಿದ ವರದಿಗಾರ ಮಾತ್ರ ಇದುವರೆಗೆ ಸಿಕ್ಕಿರಲಿಲ್ಲ.

ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಎದುರು ಫ್ಲಾಟಿನವರು ವಿಲ್ಲಿ ಮತ್ತು ಜೆಸಿಂತಾ ಬಾಯಿ. ಮಂಗಳೂರಿನ ಕೊಂಕಣಿ ಕುಟುಂಬ. ವಿಲ್ಲಿಗೆ ಶರ್ಕ್‌ನ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ಕೆಲಸ. ಜೆಸಿಂತಾ ಬಾಯಿ ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನರ್ಸ್. ಮಗಳು ಶರಲ್ ಹನ್ನೊಂದನೇ ಕ್ಲಾಸು. ಅವಳ ಶಾಲೆಯ ಹೆರಿಟೇಜ್ ಡೇಯಲ್ಲಿ ಒಂದು ಭಾಷಣ ಕೊಡಲಿಕ್ಕಿತ್ತು. ವಿಷಯ: ಅಮೆರಿಕದ ಪ್ರಾಚೀನ ನಾಗರಿಕತೆಗಳು. 'ಪೇಪರಿನವರು' ಎದುರು ಮನೆಯಲ್ಲೇ ಇರುವಾಗ ಸ್ಲೈಡುಗಳನ್ನು ಮತ್ಯಾರಿಗೆ ತೋರಿಸುತ್ತಾರೆ?

ಮೊದಲ ಸ್ಲೈಡುಗಳು ಚೆನ್ನಾಗಿದ್ದವು. ಮಾಯಾ ಜನರ ಪಿರಮಿಡ್ಡು, ಅವರ ಪಂಚಾಂಗ, ಮೆಕ್ಕೆಜೋಳದ ಹೊಲ. ಆಮೇಲೆ ಇದ್ದಕ್ಕಿದ್ದಂತೆ ಪಿರಮಿಡ್ಡಿನ ಮುಂದೆ ಕುದುರೆಗಳು ಓಡತೊಡಗಿದವು. ರಥ ಬಂತು. ಉಕ್ಕಿನ ಕತ್ತಿ ಬಂತು. ಜೆರುಸಲೇಮಿನಿಂದ ಹಡಗೇ ಬಂತು.

ಎದ್ದು ಹೋಗಿ ಆ ಕಪ್ಪು ಪುಸ್ತಕ ತೆರೆದೆ. ಅದು ಮಾರ್ಮನ್ನರ ಧರ್ಮಗ್ರಂಥ.

ಮಾರ್ಮನ್ ಪಂಥ ಅಮೆರಿಕದಲ್ಲಿ ಹುಟ್ಟಿ ಸುಮಾರು ಇನ್ನೂರು ವರ್ಷಗಳಾದವು. ಜೆರುಸಲೇಮಿನ ಒಂದು ಕುಟುಂಬ ಬಹು ಹಿಂದೆಯೇ ಸಮುದ್ರ ದಾಟಿ ಅಮೆರಿಕ ಸೇರಿತು, ಅವರ ಸಂತತಿ ಅಲ್ಲಿ ನಗರಗಳನ್ನು ಕಟ್ಟಿತು, ಪುನರುತ್ಥಾನದ ನಂತರ ಯೇಸು ಅವರಿಗೂ ದರ್ಶನ ಕೊಟ್ಟ ಎನ್ನುವುದು ಆ ಗ್ರಂಥದ ಕಥನ. ನಂಬುವವರಿಗೆ ಅದು ದೇವರ ವಾಕ್ಯ. ಆದರೆ ಆ ನೆಲವನ್ನು ಅಗೆದು ನೋಡಿದ ಪುರಾತತ್ವಜ್ಞರು ಅದನ್ನು ಇತಿಹಾಸವೆಂದು ಒಪ್ಪುವುದಿಲ್ಲ. ಅಮೆರಿಕದ ಮೂಲ ಕುದುರೆಗಳು ಮಾಯಾ ನಗರಗಳಿಗಿಂತ ಸಾವಿರಾರು ವರ್ಷ ಮೊದಲೇ ಅಳಿದುಹೋಗಿದ್ದವು. ಮತ್ತೆ ಕುದುರೆ ಕಾಲಿಟ್ಟದ್ದು ಸ್ಪೇನಿನವರ ಹಡಗಿನಿಂದ ಇಳಿದು.

ಸರಿ, ಕ್ಯಾಥೊಲಿಕ್ ಮನೆಯ ಆಲ್ತಾರಿಗೆ ಮಾರ್ಮನ್ ಗ್ರಂಥ ಬಂದದ್ದು ಹೇಗೆ?

ವಿಲ್ಲಿಯ ಮ್ಯಾನೇಜರ್ ಡೀನ್ ಎಂಬ ಅಮೆರಿಕನ್. ಕಳೆದ ವರ್ಷ ಫ್ಲಾಟ್ ಬದಲಿಸುವಾಗ ಹಳೆಯ ಪುಸ್ತಕಗಳ ಪೆಟ್ಟಿಗೆಯೊಂದನ್ನು ಶರಲ್‌ಗೆಂದು ಕೊಟ್ಟಿದ್ದರು. ಅಡುಗೆ ಪುಸ್ತಕ, ಡಿಕ್ಷನರಿ, ಪತ್ತೇದಾರಿ ಕಾದಂಬರಿಗಳ ನಡುವೆ ಇದೂ ಇತ್ತು. ಜೆಸಿಂತಾ ಬಾಯಿ ತೆರೆದು ನೋಡಿದರು. ಅಧ್ಯಾಯ ಇದೆ, ವಚನಗಳಿಗೆ ನಂಬರಿದೆ, ಯೇಸುವಿನ ಹೆಸರಿದೆ. ಅಂಥ ಪುಸ್ತಕ ನಮ್ಮ ಕರಾವಳಿಯ ಕ್ಯಾಥೊಲಿಕ್ ಮನೆಯಲ್ಲಿ ಪತ್ತೇದಾರಿ ಕಾದಂಬರಿಯ ಜೊತೆ ನೆಲದ ಮೇಲೆ ಬಿದ್ದಿರಬಹುದೇ? ಮುತ್ತಿಟ್ಟು ಆಲ್ತಾರಿನ ಮೇಲೆ ಇಟ್ಟರು. ಅಲ್ಲಿಗೆ ಏರಿದ ಮೇಲೆ ಅದನ್ನು ಪ್ರಶ್ನಿಸುವವರು ಯಾರು? ಶರಲ್ ಪ್ರಶ್ನಿಸಲಿಲ್ಲ, ಸ್ಲೈಡ್ ಮಾಡಿದಳು.

ವಿಷಯ ತಿಳಿಸಿದೆ. ಜೆಸಿಂತಾ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

"ಸಾಯ್ಬಾ ಭೊಗೊಸ್! (ದೇವರೇ, ಕ್ಷಮಿಸು!) ಒಂದು ವರ್ಷದಿಂದ ಅದರ ಮುಂದೆ ತೇರ್ಸ ಹೇಳ್ತಾ ಇದ್ದೇನೆ ಶೆಟ್ರೇ!" (ತೇರ್ಸ ಎಂದರೆ ಅವರ ಸಂಜೆಯ ಜಪಮಾಲೆ ಪ್ರಾರ್ಥನೆ.)

"ಅದು ಹೋಗ್ಲಿ ಮಾರಾಯ್ತಿ," ವಿಲ್ಲಿಯ ಚಿಂತೆ ಬೇರೆ. "ಭಾಷಣಕ್ಕೆ ಡೀನ್‌ನನ್ನು ನಾನೇ ಕರ್ದಿದ್ದೇನೆ. ಅವರು ಮಾರ್ಮನ್ ಅಲ್ವಾ, ಫ್ರಂಟ್ ರೋದಲ್ಲಿ ಕೂರ್ತಾರೆ. ಇವಳು ಮೈಕ್ ಹಿಡ್ದು, ನಿಮ್ಮ ಗ್ರಂಥದ ಕುದುರೆ ಸುಳ್ಳು ಅಂತ ಹೇಳ್ಬೇಕಾ? ಈ ತಿಂಗಳು ನನ್ನ ಕಾಂಟ್ರಾಕ್ಟ್ ರಿನ್ಯೂವಲ್ ಉಂಟು. ಸೈನ್ ಮಾಡುವವರು ಯಾರು? ಡೀನ್. ಅದಾಗದಿದ್ರೆ ಇಕಾಮಾ ಖಲಾಸ್."

ಕುವೈತಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಇಕಾಮಾ ಅಂದರೆ ಇಲ್ಲಿ ವಾಸಿಸುವ ಪರವಾನಗಿ. ಕೆಲಸ ಹೋದರೆ ಅದು ಹೋಗುತ್ತದೆ. ಅದು ಹೋದರೆ ಫ್ಲಾಟು, ಶಾಲೆ, ಎಲ್ಲವೂ ಹೋಗುತ್ತದೆ.

"ಹಾಗಾದ್ರೆ ಹಾಗೇ ಬಿಡು ಅಂತೀರಾ ಡ್ಯಾಡಿ?" ಶರಲ್ ಕೇಳಿದಳು. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಕನ್ನಡಕ್ಕೆ ಬಂದಳೆಂದರೆ ಸಿಟ್ಟು ಬಂದಿದೆ ಎಂದರ್ಥ. "ನನ್ನ ಹಿಸ್ಟರಿ ಮ್ಯಾಮ್ ಕೂಡ ಅಲ್ಲೇ ಇರ್ತಾರೆ. ತಪ್ಪು ಅಂತ ಗೊತ್ತಾದ ಮೇಲೂ ನಾನು ಹೇಳ್ಬೇಕಾ?"

ವಿಲ್ಲಿ ನನ್ನ ಮುಖ ನೋಡಿದರು. ನಾನು ಡೆಸ್ಕಿನಲ್ಲಿ ಮಾಡುವುದನ್ನೇ ಸೂಚಿಸಿದೆ. ಸುದ್ದಿ ಯಾರಿಗೆ ಸಂಬಂಧಿಸಿದೆಯೋ ಅವರ ಪ್ರತಿಕ್ರಿಯೆಯನ್ನು ಅಚ್ಚಾಗುವ ಮೊದಲೇ ಕೇಳಬೇಕು. ಕೇಳದೆ ಬರೆಯುವುದು ಅನ್ಯಾಯ. ಹೆದರಿ ಬರೆಯದೇ ಇರುವುದು ಇನ್ನೊಂದು ಬಗೆಯ ಅನ್ಯಾಯ.

ಹಾಗೆ ಡೀನ್‌ಗೆ ಶನಿವಾರದ ಊಟಕ್ಕೆ ಆಹ್ವಾನ ಹೋಯಿತು.

ಜೆಸಿಂತಾ ಬಾಯಿಗೆ ಎರಡು ಸಮಸ್ಯೆ. ಮೊದಲನೆಯದು ಪುಸ್ತಕ. ಆಲ್ತಾರಿನಲ್ಲೇ ಬಿಟ್ಟರೆ ದೇವರಿಗೆ ಏನನ್ನಿಸೀತು? ತೆಗೆದರೆ ಅತಿಥಿಗೆ ಏನನ್ನಿಸೀತು? ಕೊನೆಗೆ ಅದು ಶೋಕೇಸಿನ ಮೇಲಿನ ಅಂತಸ್ತಿಗೆ ಹೋಯಿತು, ಕೆಳಗೆ ಹೊಸ ಕಸೂತಿ ಬಟ್ಟೆಯೊಂದಿಗೆ. ಎರಡನೆಯದು ಚಹಾ. ಮಾರ್ಮನ್ನರು ಚಹಾ ಕುಡಿಯುವುದಿಲ್ಲ, ಕಾಫಿಯೂ ಇಲ್ಲ. (ಮದ್ಯವೂ ಇಲ್ಲ. ಆದರೆ ಆ ಒಂದು ವಿಷಯದಲ್ಲಿ ಕುವೈತಿನಲ್ಲಿರುವ ನಾವೆಲ್ಲರೂ, ಕಾನೂನಿನ ಪ್ರಕಾರವಾದರೂ, ಮಾರ್ಮನ್ನರೇ.)

"ಚಾ ಕೊಡದೆ ಒಬ್ಬರನ್ನು ಮನೆಯಿಂದ ಹೇಗೆ ಕಳಿಸುವುದು ಶೆಟ್ರೇ?"

"ಕೋಕೋ ಕೊಡಿ ಮಮ್ಮಿ. ಅದಕ್ಕೆ ಅಡ್ಡಿ ಇಲ್ಲ," ಎಂದಳು ಶರಲ್. "ಮಾಯಾ ಜನರೂ ಅದನ್ನೇ ಕುಡೀತಿದ್ದದ್ದು."

ಡೀನ್ ಬಂದರು. ಎತ್ತರದ, ನಿಧಾನ ಮಾತಿನ ಮನುಷ್ಯ. ಖಾರದ ಕೋಳಿ ಸಾರು ಸುರಿದ ಕೋರಿರೊಟ್ಟಿ ತಿಂದು ಕಣ್ಣು ಒರೆಸಿಕೊಂಡರು. ಮತ್ತೆ ಹಾಕಿಸಿಕೊಂಡರು. ಶೋಕೇಸಿನಲ್ಲಿ ಪುಸ್ತಕ ಕಂಡು, "ಇದು ನನ್ನ ಮಗಳದ್ದಲ್ಲವೇ? ಎಲ್ಲಿ ಹೋಯಿತೆಂದು ಅವಳು ಹುಡುಕುತ್ತಿದ್ದಳು!" ಎಂದು ನಕ್ಕರು.

ಕೋಕೋ ಬಂತು. ಶರಲ್ ಗಂಟಲು ಸರಿಪಡಿಸಿಕೊಂಡಳು. ಮೇಜಿನ ಕೆಳಗೆ ವಿಲ್ಲಿಯ ಕಾಲು ಅವಳನ್ನು ತಿವಿಯಲು ಹೊರಟು ನನ್ನನ್ನು ತಿವಿಯಿತು.

"ಅಂಕಲ್, ಮಾಯಾ ನಾಡಿನಲ್ಲಿ ಕುದುರೆ ಇತ್ತಾ?"

ಡೀನ್ ಕಪ್ಪು ಕೆಳಗಿಟ್ಟರು. ನಾವು ಮೂವರೂ ನಮ್ಮ ನಮ್ಮ ಕಪ್ಪು ನೋಡಿದೆವು.

"ನಮ್ಮಲ್ಲಿ ಕೆಲವರು ಅದು ಕುದುರೆಯಲ್ಲ, ಟೇಪಿರ್ ಇರಬಹುದು ಅನ್ನುತ್ತಾರೆ," ಎಂದರು ಡೀನ್. ಶರಲ್ ಫೋನಿನಲ್ಲಿ ಚಿತ್ರ ತೋರಿಸಿದಳು. ಹಂದಿಯ ಮೈ, ಆನೆಯಾಗಲು ಹೊರಟು ಅರ್ಧಕ್ಕೆ ನಿಂತಂಥ ಮೂತಿ.

"ಇದು ರಥ ಎಳೀಲಿಕ್ಕುಂಟಾ?" ಜೆಸಿಂತಾ ಬಾಯಿ ಬಾಯಿ ತಪ್ಪಿ ಕೇಳಿಯೇಬಿಟ್ಟರು. ವಿಲ್ಲಿ ಕಣ್ಣು ಮುಚ್ಚಿದರು. ಶರಲ್ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಡೀನ್.

ನಗು ನಿಂತ ಮೇಲೆ ಒಂದು ಕಥೆ ಹೇಳಿದರು. ಅವರ ತಾಯಿಯ ಅಣ್ಣ ಒಬ್ಬರು ದಕ್ಷಿಣ ಮೆಕ್ಸಿಕೋದಲ್ಲಿ ಅಗೆಯಲು ಹೋದ ತಂಡದಲ್ಲಿದ್ದರಂತೆ. ಗ್ರಂಥದಲ್ಲಿ ಹೇಳಿದ ನಗರಗಳ ಕುರುಹು ಸಿಗುತ್ತದೆಂಬ ಆಸೆಯಿಂದಲೇ ಹೋದವರು. ಗೋಡೆ ಸಿಕ್ಕಿತು, ಗೋರಿ ಸಿಕ್ಕಿತು, ರಾಶಿ ರಾಶಿ ಮಡಕೆ ಚೂರು ಸಿಕ್ಕಿತು. ಹುಡುಕಿದ್ದು ಮಾತ್ರ ಸಿಗಲಿಲ್ಲ.

"ಮತ್ತೆ ಏನು ಮಾಡಿದ್ರು?"

"ಮಡಕೆ ಚೂರುಗಳ ಚಿತ್ರ ಬಿಡಿಸಿದರು. ಒಂದೊಂದನ್ನೂ, ಅಳತೆ ಹಾಕಿ. ಸಿಕ್ಕಿದ್ದೇ ಅದಲ್ಲವೇ?" ಎಂದರು ಡೀನ್. "ಅವರು ಸಾಯುವವರೆಗೂ ನಂಬಿದ್ದರು. ನಾನೂ ನಂಬುತ್ತೇನೆ. ಆದರೆ ನೀನು ಮಾತಾಡುವುದು ಇತಿಹಾಸದ ಬಗ್ಗೆ. ಮಣ್ಣಿನಲ್ಲಿ ಸಿಕ್ಕಿದ್ದನ್ನು ಹೇಳು. ನನ್ನ ಮುಖ ನೋಡಿಕೊಂಡು ಹೇಳಬೇಡ."

ಮನೆಗೆ ಬಂದು ಹುಡುಕಿ ನೋಡಿದೆ. (ವೃತ್ತಿಯ ಚಟ, ಅತಿಥಿಯ ಮಾತನ್ನೂ ಬಿಡುವುದಿಲ್ಲ.) ಆ ಸೋದರಮಾವನ ಕಥೆಯನ್ನು ಡೀನ್ ಅವರ ಮಾತಿನ ಮೇಲೆಯೇ ಒಪ್ಪಬೇಕು. ಆದರೆ ಮಾರ್ಮನ್ನರ ನೆರವಿನಿಂದ ಅಲ್ಲಿ ಉತ್ಖನನಗಳು ನಡೆದದ್ದು ನಿಜ. ಗ್ರಂಥವನ್ನು ಸಾಬೀತು ಮಾಡುವಂಥದ್ದು ಸಿಗದಿದ್ದರೂ, ಅವರು ಬರೆದಿಟ್ಟ ವರದಿಗಳನ್ನು ಆ ಪಂಥಕ್ಕೆ ಸೇರದ ವಿದ್ವಾಂಸರೂ ಬಳಸುತ್ತಾರೆ.

ನಮ್ಮ ಫ್ಯಾಮಿಲಿ ಗ್ರೂಪುಗಳಿಗೆ ಪ್ರತಿದಿನ ಬೆಳಿಗ್ಗೆ ಬರುವ ಫಾರ್ವರ್ಡುಗಳನ್ನು ನೆನೆಸಿಕೊಳ್ಳಿ. ಯಾರದೋ ಪೂರ್ವಜರು ವಿಮಾನ ಹಾರಿಸಿದ್ದರು, ಇನ್ಯಾರದೋ ಪೂರ್ವಜರು ಎಲ್ಲ ರೋಗಕ್ಕೂ ಮದ್ದು ಕಂಡಿದ್ದರು. "ಸೋರ್ಸ್?" ಎಂದು ಕೇಳಿ ನೋಡಿ. ನಿಮ್ಮನ್ನು ಗ್ರೂಪಿನಿಂದ ತೆಗೆಯುತ್ತಾರೆ, ಇಲ್ಲವೇ ಮದುವೆಗೆ ಕರೆಯುವುದಿಲ್ಲ. ಹುಡುಕಿದ್ದು ಸಿಗದಿದ್ದಾಗ ಸಿಕ್ಕಿದ್ದನ್ನು ಬರೆದಿಡುವ ತಾಳ್ಮೆ ಎಷ್ಟು ಜನರಿಗಿದೆ?

ಶರಲ್ ಭಾಷಣ ಮಾಡಿದಳು. ಮಾರ್ಮನ್ ಗ್ರಂಥಕ್ಕೆ ಒಂದೇ ಸ್ಲೈಡು. ಅದು ಏನು ಹೇಳುತ್ತದೆ, ಅಗೆದವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ. ದನಿ ಏರಿಸಲಿಲ್ಲ, ನಗಲೂ ಇಲ್ಲ. ಮೊದಲ ಚಪ್ಪಾಳೆ ಫ್ರಂಟ್ ರೋದಿಂದ ಬಂತು. ಬಹುಮಾನ ಬೇರೆ ಯಾರಿಗೋ ಹೋಯಿತು, ಅದು ಬೇರೆ ಮಾತು. ಮರುವಾರ ವಿಲ್ಲಿಯ ರಿನ್ಯೂವಲ್‌ಗೆ ಸಹಿ ಬಿತ್ತು. ("ನನಗೆ ಮೊದಲೇ ಗೊತ್ತಿತ್ತು ಮಾರಾಯ್ರೆ," ಎನ್ನುತ್ತಾರೆ ಈಗ.)

ಮೊನ್ನೆ ಸಂಜೆ ನಾನು ಹೋದಾಗ ಶರಲ್ ಊರಿನ ಅಜ್ಜಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ನಾವು ಮೂಲತಃ ಗೋವೆಯ ಬ್ರಾಹ್ಮಣರು ಎಂದು ಪ್ರತಿ ಮದುವೆಯಲ್ಲೂ ಹೇಳುತ್ತೀರಲ್ಲ, ಅದಕ್ಕೆ ಸೋರ್ಸ್ ಏನು ಎಂದು ಅವಳ ಪ್ರಶ್ನೆ. ನಾನು ನಗುವಷ್ಟರಲ್ಲಿ ನನ್ನ ಕಡೆ ತಿರುಗಿದಳು. "ಅಂಕಲ್, ನಿಮ್ಮ ಮನೆತನದವರು ಅರಸರ ದಂಡನಾಯಕರಾಗಿದ್ರು ಅಂತೀರಲ್ಲ, ಯಾವ ಅರಸ?"

ಊರಿನ ದೊಡ್ಡಪ್ಪನಿಗೆ ಕೇಳಿ ಕಳಿಸಿದ್ದೇನೆ. ನೀಲಿ ಟಿಕ್ ಬಂದು ಮೂರು ದಿನವಾಯಿತು, ಉತ್ತರ ಬಂದಿಲ್ಲ.